ಆರು ಹಾರ್ಡ್‌ಡಿಸ್ಕ್‌ಗಳು ಒಂದೇ ಡ್ರೈವ್ ಆಗಿ ಕಾಣಿಸಬೇಕು: ದಾರಿ ಯಾವುದು?

ಗಂಗಾವತಿ ಸ್ಟುಡಿಯೋ · ಸೋಮವಾರ, ರಾತ್ರಿ 10:40

ಎಲ್ಲರಿಗೂ ನಮಸ್ಕಾರ. ಗಂಗಾವತಿಯಲ್ಲಿ ನಮ್ಮದು ಫೋಟೋ, ವಿಡಿಯೋ ಸ್ಟುಡಿಯೋ. ಅಪ್ಪ ರೀಲಿನ ಕಾಲದಲ್ಲಿ ಶುರು ಮಾಡಿದ್ದು, ನಾನು 2009ರಿಂದ ನೋಡಿಕೊಳ್ಳುತ್ತಿದ್ದೇನೆ. ಮದುವೆ, ಸೀಮಂತ, ಜಾತ್ರೆ, ಶಾಲೆಯ ವಾರ್ಷಿಕೋತ್ಸವ, ಏನೇ ತೆಗೆದರೂ ಅಳಿಸಿದವನಲ್ಲ. ಅದರ ಫಲವಾಗಿ ಕಪಾಟಿನಲ್ಲಿ ಆರು ಡಿಸ್ಕ್‌ಗಳು ಕೂತಿವೆ: 8 ಟಿಬಿ ಒಂದು (ಹೋದ ತಿಂಗಳು ಕೊಂಡದ್ದು, ಖಾಲಿ), 4 ಟಿಬಿ ಮೂರು, 2 ಟಿಬಿ ಒಂದು, 1 ಟಿಬಿ ಒಂದು. ಒಟ್ಟು 23 ಟಿಬಿ. ತುಂಬಿರುವುದು ಸುಮಾರು ಒಂಬತ್ತೂವರೆ.

ಹೋದ ವಾರ ಕಾರಟಗಿಯಿಂದ ಒಬ್ಬ ತಾಯಿ ಫೋನ್ ಮಾಡಿ 2016ರ ಸೀಮಂತದ ವಿಡಿಯೋ ಬೇಕು ಎಂದರು. ಒಂದೊಂದೇ ಡಿಸ್ಕ್ ಚುಚ್ಚಿ, ನೋಡಿ, ತೆಗೆದು, ಇನ್ನೊಂದು ಚುಚ್ಚಿ, ಮಧ್ಯಾಹ್ನವಿಡೀ ಹೋಯಿತು. ಮೇಲೆ ಮಾರ್ಕರ್‌ನಲ್ಲಿ ಬರೆದ ಅಕ್ಷರ ಬೆವರಿನ ಕೈಗೆ ಅಳಿಸಿಹೋಗಿದೆ.

ಬಳ್ಳಾರಿಯ ಹಳೆ ಸಾಮಾನಿನ ಅಂಗಡಿಯಿಂದ ಒಂದು ಟವರ್ ಸರ್ವರ್ ತಂದಿದ್ದೇನೆ. 8 ಜಿಬಿ ರ‍್ಯಾಮ್, ಉಬುಂಟು ಲಿನಕ್ಸ್ ಹಾಕಿದ್ದೇನೆ, ಆರೂ ಡಿಸ್ಕ್‌ಗೆ ಜಾಗವಿದೆ. ಎಲ್ಲವನ್ನೂ ಸೇರಿಸಿ 23 ಟಿಬಿಯ ಒಂದೇ ಡ್ರೈವ್ ಮಾಡಬೇಕು. ಹೇಗೆ?

ಶಕ್ತಿನಗರ ರಾತ್ರಿಪಾಳಿ · ಸೋಮವಾರ, ರಾತ್ರಿ 11:25

ಪಾಳಿಯಲ್ಲಿ ಕೂತಿದ್ದೇನೆ, ಯಂತ್ರಗಳು ಈವತ್ತು ತೊಂದರೆ ಕೊಡುತ್ತಿಲ್ಲ, ಹಾಗಾಗಿ ಸಾವಕಾಶವಾಗಿ ಹೇಳುತ್ತೇನೆ.

ನೀವು ಕೇಳಿದ್ದಕ್ಕೆ ನೇರ ಉತ್ತರ ಎಲ್‌ವಿಎಂ. ಹಲವು ಡಿಸ್ಕ್‌ಗಳ ಜಾಗವನ್ನು ಒಟ್ಟು ಮಾಡಿ ಕೊಡುವ, ಲಿನಕ್ಸ್‌ನಲ್ಲಿ ಬಹಳ ವರ್ಷಗಳಿಂದ ಇರುವ ವ್ಯವಸ್ಥೆ. ಮೂರು ಮೆಟ್ಟಿಲು. ಮೊದಲು ಪ್ರತಿ ಡಿಸ್ಕನ್ನೂ ‘ಪಿವಿಕ್ರಿಯೇಟ್’ ಆಜ್ಞೆಯಿಂದ ಎಲ್‌ವಿಎಂ ವಶಕ್ಕೆ ಕೊಡುತ್ತೀರಿ. ಆಮೇಲೆ ‘ವಿಜಿಕ್ರಿಯೇಟ್’ ಎಂದರೆ ಅವೆಲ್ಲ ಒಂದು ಗುಂಪಾಗುತ್ತವೆ. ಆ ಗುಂಪಿನಿಂದ ‘ಎಲ್‌ವಿಕ್ರಿಯೇಟ್’ ಮೂಲಕ ನಿಮಗೆ ಬೇಕಾದಷ್ಟು ದೊಡ್ಡ ವಾಲ್ಯೂಮ್ ಕತ್ತರಿಸಿಕೊಳ್ಳುತ್ತೀರಿ. ಡಿಸ್ಕ್‌ಗಳ ಅಳತೆ ಬೇರೆ ಬೇರೆ ಇದ್ದರೂ ಅದಕ್ಕೆ ಚಿಂತೆಯಿಲ್ಲ. ನಾಳೆ ಇನ್ನೊಂದು ಡಿಸ್ಕ್ ಬಂದರೆ ಗುಂಪಿಗೆ ಸೇರಿಸಿ, ‘ಎಲ್‌ವಿಎಕ್ಸ್‌ಟೆಂಡ್’ ಕೊಟ್ಟು, ಫೈಲ್ ಸಿಸ್ಟಂ (ಡಿಸ್ಕಿನಲ್ಲಿ ಫೈಲುಗಳನ್ನು ಜೋಡಿಸಿಡುವ ಕ್ರಮ) ಹಿಗ್ಗಿಸಿದರೆ ಮುಗಿಯಿತು. ಸರ್ವರ್ ನಿಲ್ಲಿಸುವುದೂ ಬೇಡ. ಒಂದು ಎಚ್ಚರ: ಎಕ್ಸ್‌ಎಫ್‌ಎಸ್ ಎಂಬ ಫೈಲ್ ಸಿಸ್ಟಂ ಹಾಕಿದರೆ ಹಿಗ್ಗಿಸಬಹುದು, ಕುಗ್ಗಿಸಲಾಗದು. ಇಎಕ್ಸ್‌ಟಿ4 ಆದರೆ ಎರಡೂ ಆಗುತ್ತದೆ.

ಗಂಗಾವತಿ ಸ್ಟುಡಿಯೋ · ಸೋಮವಾರ, ರಾತ್ರಿ 11:31

ಇಷ್ಟೇನಾ! ನಾಳೆ ಬೆಳಿಗ್ಗೆಯೇ ಮಾಡುತ್ತೇನೆ ಸರ್.

ಯಲಬುರ್ಗಾ ಮೂಲ, ಈಗ ಬೆಂಗಳೂರು · ಸೋಮವಾರ, ರಾತ್ರಿ 11:34

ದಯವಿಟ್ಟು ಬೆಳಿಗ್ಗೆ ಮಾಡಬೇಡಿ. ‘ಪಿವಿಕ್ರಿಯೇಟ್’ ಕೊಟ್ಟ ಡಿಸ್ಕಿನಲ್ಲಿ ಈಗಿರುವ ಮದುವೆಗಳೆಲ್ಲ ಹೋಗುತ್ತವೆ. ಅದು ಖಾಲಿ ಡಿಸ್ಕಿಗೆ ಹೇಳಿದ ಕ್ರಮ, ನಿಮ್ಮವು ತುಂಬಿದ ಡಿಸ್ಕ್‌ಗಳು.

ನಾನು ಸರ್ವರ್‌ಗಳನ್ನು ನೋಡಿಕೊಳ್ಳುವ ಕೆಲಸದಲ್ಲೇ ಇರುವವಳು. ನಾಳೆ ಬಿಡುವಾದಾಗ ವಿವರವಾಗಿ ಬರೆಯುತ್ತೇನೆ. ಅಲ್ಲಿಯವರೆಗೆ ಒಂದೇ ಕೆಲಸ ಮಾಡಿ: ಆರೂ ಡಿಸ್ಕಿನ ಸ್ಮಾರ್ಟ್ ವರದಿ, ಅಂದರೆ ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಬರೆದಿಟ್ಟುಕೊಳ್ಳುವ ಲೆಕ್ಕ, ತೆಗೆದು ಇಲ್ಲಿ ಹಾಕಿ. ‘ಸ್ಮಾರ್ಟ್‌ಸಿಟಿಎಲ್’ ಎಂಬ ಉಪಕರಣ ಇದೆ. ಅದು ಓದುವುದಷ್ಟೇ, ಏನನ್ನೂ ಬರೆಯುವುದಿಲ್ಲ.

ಶಕ್ತಿನಗರ ರಾತ್ರಿಪಾಳಿ · ಸೋಮವಾರ, ರಾತ್ರಿ 11:52

ಒಪ್ಪಿದೆ, ಅದನ್ನು ಮೊದಲ ಸಾಲಿನಲ್ಲೇ ಹೇಳಬೇಕಿತ್ತು. ಪಾಳಿಯ ನಿದ್ದೆಗಣ್ಣು ಎಂದು ಕ್ಷಮಿಸಿ.

ಮಸ್ಕಿ ಮೇಷ್ಟ್ರು · ಮಂಗಳವಾರ, ಬೆಳಿಗ್ಗೆ 6:10

ನಿವೃತ್ತ ಶಿಕ್ಷಕ ನಾನು, ಕಂಪ್ಯೂಟರ್ ಪಂಡಿತನಲ್ಲ. ಆದರೆ ಈ ವಿಷಯದಲ್ಲಿ ಕೈ ಸುಟ್ಟುಕೊಂಡವನು.

ನನ್ನ ಹವ್ಯಾಸ ಸುತ್ತಲಿನ ಗುಡಿ, ವೀರಗಲ್ಲು, ಶಾಸನಗಳ ಫೋಟೋ ತೆಗೆಯುವುದು. ಒಂದು ಪೆಟ್ಟಿಗೆ ಕೊಂಡಿದ್ದೆ, ಒಳಗೆ ಎರಡು ಡಿಸ್ಕ್, ಹೊರಗೆ ಒಂದೇ ಡ್ರೈವ್ ಎಂದು ಕಾಣುತ್ತಿತ್ತು. ಕಂಪನಿಯ ಹೆಸರು ಬೇಡ. ಕಾರ್ಖಾನೆಯಿಂದಲೇ ಅದನ್ನು ರೇಡ್ 0 ಎಂಬ ಕ್ರಮದಲ್ಲಿ ಜೋಡಿಸಿ ಕಳಿಸಿದ್ದರಂತೆ. ಹಾಗೆಂದರೆ ಏನು ಎಂದು ನಾನು ಕೇಳಲಿಲ್ಲ, ಯಾರೂ ಹೇಳಲೂ ಇಲ್ಲ. ಒಂದು ಬೇಸಿಗೆಯಲ್ಲಿ ಎರಡರ ಪೈಕಿ ಒಂದು ಕಟಕಟ ಎಂದು ನಿಂತಿತು. ಇನ್ನೊಂದು ಚೆನ್ನಾಗಿಯೇ ಇತ್ತು. ಆದರೆ ಪ್ರತಿ ಫೋಟೋದ ಅರ್ಧ ಚೂರು ಇದರಲ್ಲಿ, ಅರ್ಧ ಚೂರು ಅದರಲ್ಲಿ. ಹನ್ನೊಂದು ವರ್ಷದ ಫೋಟೋಗಳು. ಅದರಲ್ಲಿದ್ದ ಎರಡು ವೀರಗಲ್ಲುಗಳು ಈಗ ಹೊಲದಲ್ಲೂ ಇಲ್ಲ.

ಸ್ಟುಡಿಯೋದವರೇ, ಸೇರಿಸುವ ಮೊದಲು ಒಂದು ಪ್ರಶ್ನೆ ಕೇಳಿ: ಒಂದು ಹೋದರೆ ಎಷ್ಟು ಹೋಗುತ್ತದೆ?

ಕೌಲ್‌ಬಜಾರ್ ರಿಪೇರಿಯವ · ಮಂಗಳವಾರ, ಬೆಳಿಗ್ಗೆ 9:05

ಮೇಷ್ಟ್ರು ಹೇಳಿದ್ದನ್ನು ಬಳ್ಳಾರಿಯ ನನ್ನ ಮೇಜಿನ ಮೇಲೆ ಆಗಾಗ ನೋಡುತ್ತೇನೆ. ತಲೆ ತಗ್ಗಿಸಿಕೊಂಡು ಬರುತ್ತಾರೆ, ಕವರಿನಲ್ಲಿ ಡಿಸ್ಕ್ ಇರುತ್ತದೆ.

ಗಂಗಾವತಿಯವರಿಗೆ ಬೇರೆ ಉದಾಹರಣೆ ಬೇಡ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟು ಕೊಚ್ಚಿಹೋದದ್ದು ನೆನಪಿದೆಯಲ್ಲ? ಇದ್ದದ್ದು 33 ಗೇಟು, ಸರಪಳಿ ಕಡಿದದ್ದು ಒಂದರದ್ದು. ಉಳಿದ 32 ಗಟ್ಟಿಯಾಗಿವೆ ಎಂದು ನೀರು ನಿಂತಿತೇ? ಹರಿಯುವ ನೀರಿನಲ್ಲೇ ತಡೆಹಲಗೆ ಇಳಿಸಿ ಮುಚ್ಚುವವರೆಗೆ ನಿಮ್ಮ ಭತ್ತದ ರೈತರು ಉಸಿರು ಬಿಗಿಹಿಡಿದಿದ್ದರು. ಆರು ಡಿಸ್ಕ್ ಸೇರಿಸಿ ಒಂದೇ ವಾಲ್ಯೂಮ್ ಮಾಡುವುದೆಂದರೆ ಒಂದೇ ಜಲಾಶಯ, ಆರು ಗೇಟು.

ಶಕ್ತಿನಗರ ರಾತ್ರಿಪಾಳಿ · ಮಂಗಳವಾರ, ಮಧ್ಯಾಹ್ನ 2:15

ಎದ್ದು ನೋಡಿದರೆ ನನ್ನ ಎಲ್‌ವಿಎಂ ಮೇಲೆ ಅಣೆಕಟ್ಟೇ ಬಿದ್ದಿದೆ. ಸರಿ, ಲೆಕ್ಕ ನಾನೇ ಹಾಕುತ್ತೇನೆ. ಒಂದು ಡಿಸ್ಕ್ ವರ್ಷದಲ್ಲಿ ಕೆಡುವ ಸಾಧ್ಯತೆ ನೂರಕ್ಕೆ 3 ಎನ್ನೋಣ. ಆರರಲ್ಲಿ ಯಾವುದಾದರೂ ಒಂದು ಕೆಡುವ ಸಾಧ್ಯತೆ ನೂರಕ್ಕೆ 17ರ ಹತ್ತಿರ. ಎಲ್‌ವಿಎಂನ ಸಾಮಾನ್ಯ ಜೋಡಣೆಯಲ್ಲಿ ಒಂದು ಡಿಸ್ಕ್ ಮುಗಿದರೆ ಆಮೇಲೆ ಉಳಿದವುಗಳಿಂದ ಹೆಕ್ಕುವುದು ರಿಪೇರಿಯವರ ಕೆಲಸ, ನಿಮ್ಮದಲ್ಲ.

ಅದಕ್ಕೆ ಪರಿಹಾರ ಕೆಳಗೆ ರೇಡ್ (ಹಲವು ಡಿಸ್ಕ್‌ಗಳನ್ನು ಒಂದಾಗಿ ದುಡಿಸುವ ಜೋಡಣೆ), ಮೇಲೆ ಎಲ್‌ವಿಎಂ. ಲಿನಕ್ಸ್‌ನ ‘ಎಂಡಿಎಡಿಎಂ’ ಬಳಸಿ ರೇಡ್ 5 ಕಟ್ಟಿದರೆ ಒಂದು ಡಿಸ್ಕ್ ಸತ್ತರೂ ದತ್ತಾಂಶ ಉಳಿಯುತ್ತದೆ. ರೇಡ್ ಎಂಬ ಹೆಸರು ಬಂದದ್ದು 1988ರ ಪ್ರಬಂಧವೊಂದರಿಂದ. ಬರ್ಕ್ಲಿಯ ಪ್ಯಾಟರ್ಸನ್, ಗಿಬ್ಸನ್, ಕಾಟ್ಜ್ ಬರೆದದ್ದು. ಅದರಲ್ಲಿನ ‘ಐ’ ಅಕ್ಷರಕ್ಕೆ ಅವರು ಕೊಟ್ಟ ಅರ್ಥ ‘ಅಗ್ಗದ’. ಮಾರುವವರು ಆಮೇಲೆ ಅದನ್ನು ‘ಸ್ವತಂತ್ರ’ ಎಂದು ಬದಲಿಸಿಕೊಂಡರು. ಅಗ್ಗದ್ದು ಎಂದು ಹೇಳಿ ದುಬಾರಿಯದನ್ನು ಮಾರುವುದು ಹೇಗೆ ಹೇಳಿ!

ತೋರಣಗಲ್ಲು ಸಿಸ್ಟಂ · ಮಂಗಳವಾರ, ಮಧ್ಯಾಹ್ನ 3:40

ಈ ಕಾಲದಲ್ಲೂ ಎಂಡಿಎಡಿಎಂ, ಎಲ್‌ವಿಎಂ ಎಂದು ಚರ್ಚೆ ನಡೆಯುತ್ತಿದೆಯಲ್ಲ! ಝಡ್‌ಎಫ್‌ಎಸ್ ಹಾಕಿ, ಡಿಸ್ಕ್ ಸೇರಿಸುವುದನ್ನೂ ತಾನೇ ಮಾಡುವ ಫೈಲ್ ಸಿಸ್ಟಂ ಅದು. ಸನ್ ಮೈಕ್ರೋಸಿಸ್ಟಮ್ಸ್‌ನವರು 2005ರಲ್ಲೇ ಅದನ್ನು ಮುಕ್ತವಾಗಿ ಬಿಟ್ಟಿದ್ದಾರೆ. ಪ್ರತಿ ಚೂರಿಗೂ ಚೆಕ್‌ಸಮ್, ಅಂದರೆ ಒಳಗಿನದು ಬದಲಾಯಿತೇ ಎಂದು ತಾಳೆ ನೋಡುವ ಅಂಕಿ, ಇರುತ್ತದೆ. ಡಿಸ್ಕ್ ಸಾಯದೆಯೇ ಒಳಗೊಳಗೆ ಕೆಡುವ ಫೈಲುಗಳನ್ನು ಅದು ಹಿಡಿಯುತ್ತದೆ, ಇನ್ನೊಂದು ಪ್ರತಿಯಿಂದ ತಾನೇ ಸರಿಪಡಿಸುತ್ತದೆ. ಸಾಮಾನ್ಯ ರೇಡ್‌ಗೆ ಎರಡು ಡಿಸ್ಕ್ ಎರಡು ಮಾತು ಹೇಳಿದರೆ ಯಾವುದು ನಿಜ ಎಂದೇ ತಿಳಿಯುವುದಿಲ್ಲ. ವೃತ್ತಿಯವರು ವೃತ್ತಿಯವರ ಸಾಮಾನು ಬಳಸಬೇಕು.

ಯಲಬುರ್ಗಾ ಮೂಲ, ಈಗ ಬೆಂಗಳೂರು · ಮಂಗಳವಾರ, ರಾತ್ರಿ 9:20

ತೋರಣಗಲ್ಲಿನವರೇ, ಝಡ್‌ಎಫ್‌ಎಸ್ ಬಗ್ಗೆ ನೀವು ಹೇಳಿದ್ದೆಲ್ಲ ನಿಜ. ಕಚೇರಿಯಲ್ಲಿ ನಾನು ದಿನವೂ ಅದನ್ನೇ ಬಳಸುತ್ತೇನೆ. ಆದರೆ ಇವರ ಕೈಯಲ್ಲಿರುವ ಡಿಸ್ಕ್‌ಗಳನ್ನು ನೋಡಿ ಮಾತಾಡೋಣ.

ರೇಡ್ 5 ಇರಲಿ, ಅದರಂತೆಯೇ ಇರುವ ಝಡ್‌ಎಫ್‌ಎಸ್‌ನ ರೇಡ್‌ಝಡ್ ಇರಲಿ, ಲೆಕ್ಕ ನಡೆಯುವುದು ಗುಂಪಿನ ಅತಿ ಚಿಕ್ಕ ಡಿಸ್ಕಿನ ಅಳತೆಯಲ್ಲಿ. 8, 4, 4, 4, 2, 1 ಆರನ್ನೂ ಒಂದೇ ಗುಂಪಿಗೆ ಹಾಕಿದರೆ ಪ್ರತಿಯೊಂದೂ 1 ಟಿಬಿಯಂತೆ ವರ್ತಿಸುತ್ತದೆ. ಒಂದು ಡಿಸ್ಕಿನಷ್ಟು ಜಾಗ ಪ್ಯಾರಿಟಿಗೆ, ಅಂದರೆ ಸತ್ತ ಡಿಸ್ಕನ್ನು ಮರಳಿ ಕಟ್ಟಲು ಬೇಕಾದ ಲೆಕ್ಕಕ್ಕೆ, ಹೋಗಿ ಉಳಿಯುವುದು 5 ಟಿಬಿ. 23 ಟಿಬಿ ಕೊಟ್ಟು 5 ಪಡೆಯುವುದು! 1 ಮತ್ತು 2ನ್ನು ಬಿಟ್ಟರೆ 12 ಸಿಗುತ್ತದೆ, ಆದರೆ 8ರಲ್ಲಿ ಅರ್ಧ ವ್ಯರ್ಥ. ಅದೂ ನಾಲ್ಕೂ ಡಿಸ್ಕ್ ಖಾಲಿ ಮಾಡಿದ ಮೇಲೆ. ಇವರ ಒಂಬತ್ತೂವರೆ ಟಿಬಿಯನ್ನು ಆ ಹೊತ್ತು ಎಲ್ಲಿಡುವುದು? ಇನ್ನು ಅಳತೆಯ ಗೋಜು ಬೇಡವೆಂದು ಝಡ್‌ಎಫ್‌ಎಸ್‌ಗೆ ಒಂಟಿ ಡಿಸ್ಕ್‌ಗಳನ್ನು ಸುಮ್ಮನೆ ಸೇರಿಸುತ್ತ ಹೋದರೆ, ಒಂದು ಹೋದಾಗ ಸೇರಿಸಿದ ಇಡೀ ಗುಂಪೇ ಹೋಗುತ್ತದೆ. ಮತ್ತೆ ಅಣೆಕಟ್ಟಿನ ಗೇಟು.

ಈಗ ಸ್ಟುಡಿಯೋದವರಿಗೆ ಒಂದು ಮಾತು. ನಿಮಗೆ ನಿಜವಾಗಿ ಬೇಕಾಗಿರುವುದು ಏನು? ಕಾರಟಗಿಯ ತಾಯಿ ಫೋನ್ ಮಾಡಿದಾಗ ಒಂದೇ ಕಡೆ ಹುಡುಕುವುದು. ಎಂದರೆ ಬೇಕಾದದ್ದು ಒಂದೇ ಫೋಲ್ಡರ್, ಒಂದೇ ಡಿಸ್ಕ್ ಅಲ್ಲ. ಇವೆರಡೂ ಬೇರೆ.

ಮರ್ಜರ್‌ಎಫ್‌ಎಸ್ ಎಂಬ ತಂತ್ರಾಂಶ ಅದನ್ನೇ ಮಾಡುತ್ತದೆ. ಪ್ರತಿ ಡಿಸ್ಕೂ ತನ್ನದೇ ಫೈಲ್ ಸಿಸ್ಟಂ ಇಟ್ಟುಕೊಂಡು ಬೇರೆಯಾಗಿಯೇ ಇರುತ್ತದೆ. ಮೇಲೆ ಒಂದು ತೆರೆ ಹಾಸಿ ಎಲ್ಲದರ ಫೋಲ್ಡರ್‌ಗಳನ್ನೂ ಒಟ್ಟಿಗೆ ತೋರಿಸುತ್ತದೆ. ‘2016’ ಎಂಬ ಫೋಲ್ಡರ್ ಮೂರು ಡಿಸ್ಕಿನಲ್ಲಿ ಹರಡಿದ್ದರೂ ನಿಮಗೆ ಒಂದೇ ‘2016’ ಕಾಣುತ್ತದೆ. ಒಂದು ಫೈಲು ಪೂರ್ತಿಯಾಗಿ ಒಂದೇ ಡಿಸ್ಕಿನಲ್ಲಿ ಇರುತ್ತದೆ, ಚೂರಾಗುವುದಿಲ್ಲ. ಹಾಗಾಗಿ ಡಿಸ್ಕ್ ಸತ್ತರೆ ಅದರಲ್ಲಿದ್ದದ್ದು ಮಾತ್ರ ಹೋಗುತ್ತದೆ. ಉಳಿದವನ್ನು ಕಿತ್ತು ಬೇರಾವುದೇ ಲಿನಕ್ಸ್ ಕಂಪ್ಯೂಟರಿಗೆ ಹಾಕಿದರೂ ಓದಬಹುದು.

ಹೋಗುವುದನ್ನೂ ತಡೆಯಲು ಸ್ನ್ಯಾಪ್‌ರೇಡ್ ಎಂಬ ಇನ್ನೊಂದು ತಂತ್ರಾಂಶ. ಮೇಷ್ಟ್ರ ತರಗತಿಯ ಲೆಕ್ಕವಾಗಿ ಹೇಳುತ್ತೇನೆ. ಮೂರು ಡಿಸ್ಕ್‌ಗಳಲ್ಲಿ 7, 4, 9 ಇವೆ ಎನ್ನಿ. ನಾಲ್ಕನೆಯದರಲ್ಲಿ ಮೊತ್ತ 20 ಎಂದು ಬರೆದಿಡುತ್ತೇವೆ. 4 ಇದ್ದ ಡಿಸ್ಕ್ ಸತ್ತರೆ 20ರಿಂದ 7, 9 ಕಳೆದು 4ನ್ನು ಮರಳಿ ಪಡೆಯುತ್ತೇವೆ. ನಾಲ್ಕನೆಯದೇ ಪ್ಯಾರಿಟಿ ಡಿಸ್ಕ್. ಅದು ಉಳಿದವುಗಳಲ್ಲಿ ಅತಿ ದೊಡ್ಡದರಷ್ಟಾದರೂ ಇರಬೇಕು, ನಿಮ್ಮ 8 ಟಿಬಿ ಅದಕ್ಕೆ ಹೇಳಿ ಮಾಡಿಸಿದ್ದು. ಜೊತೆಗೆ ಇದರಲ್ಲೂ ಚೆಕ್‌ಸಮ್ ಇದೆ, ತೋರಣಗಲ್ಲಿನವರು ಗಮನಿಸಬೇಕು.

ಕುಂದು ಇಲ್ಲದೆ ಇಲ್ಲ. ಈ ಮೊತ್ತ ತಾನಾಗಿ ಬದಲಾಗುವುದಿಲ್ಲ, ‘ಸಿಂಕ್’ ಕೊಟ್ಟಾಗ ಮಾತ್ರ ಹೊಸದಾಗಿ ಬರೆಯಲ್ಪಡುತ್ತದೆ. ದಿನವಿಡೀ ಬದಲಾಗುವ ದತ್ತಾಂಶಕ್ಕೆ ಇದು ಆಗದು. ಆದರೆ 2012ರ ಮದುವೆ ಇನ್ನು ಬದಲಾಗುವುದಿದೆಯೇ?

ಗಂಗಾವತಿ ಸ್ಟುಡಿಯೋ · ಮಂಗಳವಾರ, ರಾತ್ರಿ 10:02

ಮೇಡಂ, ಮೂರು ಸಲ ಓದಿದೆ. ‘ಒಂದೇ ಫೋಲ್ಡರ್, ಒಂದೇ ಡಿಸ್ಕ್ ಅಲ್ಲ’ ಎಂಬಲ್ಲಿ ತಲೆಗೆ ಹತ್ತಿತು.

ಸ್ಮಾರ್ಟ್ ವರದಿ ತೆಗೆದೆ. ಐದರಲ್ಲಿ ಮುಖ್ಯ ಅಂಕಿಗಳು ಸೊನ್ನೆ. 2 ಟಿಬಿಯದರಲ್ಲಿ ಬದಲಿಸಿದ ಸೆಕ್ಟರ್ (ಡಿಸ್ಕಿನ ಚಿಕ್ಕ ತುಂಡು ಜಾಗ) 64, ಬಾಕಿ ಇರುವ ಸೆಕ್ಟರ್ 112 ಎಂದಿದೆ. ಇದು ಒಳ್ಳೆಯದೋ ಕೆಟ್ಟದೋ?

ಕೌಲ್‌ಬಜಾರ್ ರಿಪೇರಿಯವ · ಮಂಗಳವಾರ, ರಾತ್ರಿ 10:05

ಆ ಡಿಸ್ಕನ್ನು ಈಗಲೇ ಆಫ್ ಮಾಡಿ. ಫೋಲ್ಡರ್ ತೆರೆದು ನೋಡುತ್ತ ಕೂರಬೇಡಿ.

ಕೌಲ್‌ಬಜಾರ್ ರಿಪೇರಿಯವ · ಮಂಗಳವಾರ, ರಾತ್ರಿ 10:30

ಊಟ ಮಾಡುತ್ತಿದ್ದೆ, ಈಗ ವಿವರ. ಬಾಕಿ ಸೆಕ್ಟರ್ ಎಂದರೆ ಡಿಸ್ಕಿಗೆ ಓದಲಾಗದೆ, ಮುಂದೆ ನೋಡೋಣ ಎಂದು ಗುರುತು ಹಾಕಿಟ್ಟ ಜಾಗ. 112 ಕಡೆ ಹಾಗಾಗಿದೆ. ಗೂಗಲ್‌ನವರು 2007ರಲ್ಲಿ ತಮ್ಮ ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕ್‌ಗಳ ಲೆಕ್ಕ ಪ್ರಕಟಿಸಿದ್ದರು. ಮೇಲ್ಮೈ ತಪಾಸಣೆಯಲ್ಲಿ ಮೊದಲ ದೋಷ ಕಂಡ ಡಿಸ್ಕ್, ಕಾಣದ ಡಿಸ್ಕಿಗಿಂತ ಮುಂದಿನ 60 ದಿನಗಳಲ್ಲಿ ಕೆಡುವ ಸಾಧ್ಯತೆ 39 ಪಟ್ಟು ಎಂದು ಅದರಲ್ಲಿದೆ. ಅದೇ ಲೆಕ್ಕದಲ್ಲಿ ಇನ್ನೊಂದು ಮಾತೂ ಇದೆ: ಸತ್ತ ಡಿಸ್ಕ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಮುಖ್ಯ ಸೂಚನೆಗಳಲ್ಲಿ ಒಂದನ್ನೂ ಕೊಡದೆ ಸತ್ತಿದ್ದವು. ಆದ್ದರಿಂದ ಸೊನ್ನೆ ಬಂದ ಐದರ ಬಗ್ಗೆಯೂ ಹಿಗ್ಗಬೇಡಿ.

2 ಟಿಬಿಯದನ್ನು ಮಾಮೂಲು ಕಾಪಿ ಮಾಡಲು ಹೋದರೆ ಕೆಟ್ಟ ಜಾಗದಲ್ಲಿ ಸಿಕ್ಕಿಕೊಂಡು ಅದನ್ನೇ ಮತ್ತೆ ಮತ್ತೆ ಕೆರೆಯುತ್ತದೆ. ‘ಡಿಡಿರೆಸ್ಕ್ಯೂ’ ಬಳಸಿ. ಅದು ಓದಲು ಬರುವುದನ್ನೆಲ್ಲ ಮೊದಲು ತೆಗೆದುಕೊಂಡು, ಕಷ್ಟದ ಜಾಗಗಳಿಗೆ ಕೊನೆಯಲ್ಲಿ ಮರಳುತ್ತದೆ. ನಿಮ್ಮ 8 ಟಿಬಿ ಖಾಲಿ ಇದೆ, ಅದರ ಮೇಲೆ ಇಳಿಸಿ.

ತೋರಣಗಲ್ಲು ಸಿಸ್ಟಂ · ಬುಧವಾರ, ಬೆಳಿಗ್ಗೆ 8:15

5 ಟಿಬಿಯ ಲೆಕ್ಕ ನೋಡಿ ಸುಮ್ಮನಾದೆ ಅಕ್ಕಾ. ನಮ್ಮಲ್ಲಿ ಡಿಸ್ಕ್‌ಗಳು ಒಂದೇ ಅಳತೆಯಲ್ಲಿ ಪೆಟ್ಟಿಗೆಗಟ್ಟಲೆ ಬರುತ್ತವೆ, ಕಪಾಟಿನ ಡಿಸ್ಕ್‌ಗಳನ್ನು ನೋಡಿ ಯೋಚಿಸುವ ಅಭ್ಯಾಸ ತಪ್ಪಿದೆ. ಆದರೂ ಈ ವಾರ ಎಡಿಟ್ ಆಗುತ್ತಿರುವ ಕೆಲಸಕ್ಕೆ ಸ್ನ್ಯಾಪ್‌ರೇಡ್ ಕಾವಲು ಸಾಲದು. ಅದಕ್ಕೆ ಒಂದೇ ಅಳತೆಯ ಎರಡು ಎಸ್‌ಎಸ್‌ಡಿ ಕೊಂಡು ಕನ್ನಡಿ ಜೋಡಣೆ ಮಾಡಿ, ಒಂದರಲ್ಲಿ ಬರೆದದ್ದು ಇನ್ನೊಂದರಲ್ಲೂ ಆಗಲೇ ಬೀಳುತ್ತದೆ. ಮದುವೆ ಮುಗಿದು ಆಲ್ಬಂ ಕೊಟ್ಟ ಮೇಲೆ ಹಳೆಯ ಗುಡ್ಡೆಗೆ ಸರಿಸಿ.

ಯಲಬುರ್ಗಾ ಮೂಲ, ಈಗ ಬೆಂಗಳೂರು · ಬುಧವಾರ, ಬೆಳಿಗ್ಗೆ 8:40

ಇದು ಒಳ್ಳೆಯ ಮಾತು. ನಾನು ಬಿಟ್ಟಿದ್ದೆ.

ಗಂಗಾವತಿ ಸ್ಟುಡಿಯೋ · ಬುಧವಾರ, ಮಧ್ಯಾಹ್ನ 1:10

ಡಿಡಿರೆಸ್ಕ್ಯೂ ಓಡುತ್ತಿದೆ. ಈ ನಡುವೆ ಒಂದು ಅನುಮಾನ. ನನ್ನವೆಲ್ಲ ವಿಂಡೋಸ್‌ನ ಎನ್‌ಟಿಎಫ್‌ಎಸ್ ಡಿಸ್ಕ್‌ಗಳು. ಹಾಗೆಯೇ ಸೇರಿಸಬಹುದೇ? ಇಎಕ್ಸ್‌ಟಿ4ಗೆ ಬದಲಿಸಲೇಬೇಕೆಂದರೆ ತುಂಬಿದ ಡಿಸ್ಕನ್ನು ಫಾರ್ಮ್ಯಾಟ್ ಮಾಡುವುದು ಹೇಗೆ?

ಯಲಬುರ್ಗಾ ಮೂಲ, ಈಗ ಬೆಂಗಳೂರು · ಬುಧವಾರ, ರಾತ್ರಿ 9:45

ಬದಲಿಸುವುದೇ ಒಳ್ಳೆಯದು. ಇದು ಆನೆಗೊಂದಿಯ ಹರಿಗೋಲಿನಲ್ಲಿ ಹುಲಿ, ಆಡು, ಹುಲ್ಲು ದಾಟಿಸುವ ಒಗಟು. ಯಾವುದನ್ನು ಮೊದಲು ಸಾಗಿಸಬೇಕು ಎಂಬುದರಲ್ಲೇ ಎಲ್ಲ ಇದೆ.

4 ಟಿಬಿಯ ಮೂರಕ್ಕೆ ‘ಅ’, ‘ಆ’, ‘ಇ’ ಎನ್ನೋಣ. ಯಾವುದರಲ್ಲಿ ಎಷ್ಟಿದೆ ಹೇಳಿ.

ಗಂಗಾವತಿ ಸ್ಟುಡಿಯೋ · ಬುಧವಾರ, ರಾತ್ರಿ 9:50

ಅ 3.4, ಆ 3.3, ಇ 1 ಟಿಬಿ. 2 ಟಿಬಿಯದರಲ್ಲಿ 1.3, 1 ಟಿಬಿಯದರಲ್ಲಿ 0.6.

ಯಲಬುರ್ಗಾ ಮೂಲ, ಈಗ ಬೆಂಗಳೂರು · ಬುಧವಾರ, ರಾತ್ರಿ 10:25

ಹಾಗಾದರೆ ದಾರಿ ಇದೆ. 8ರ ಮೇಲೆ ಚಿಕ್ಕ ಎರಡರದ್ದು, ಅ, ಇ ಎಲ್ಲ ಇಳಿಸಿದರೆ 6.3 ಆಗುತ್ತದೆ, ಹಿಡಿಯುತ್ತದೆ. ಆಗ ‘ಅ’, ‘ಇ’ ಎರಡನ್ನೂ ಫಾರ್ಮ್ಯಾಟ್ ಮಾಡಿ, ‘ಆ’ ಡಿಸ್ಕಿನಲ್ಲಿರುವುದನ್ನು ‘ಅ’ ಡಿಸ್ಕಿಗೆ ಸಾಗಿಸಿ, ಖಾಲಿಯಾದ ‘ಆ’ ಡಿಸ್ಕನ್ನೂ ಫಾರ್ಮ್ಯಾಟ್ ಮಾಡಿ. 8ರ ಮೇಲಿರುವ 6.3ನ್ನು ‘ಆ’ ಮತ್ತು ‘ಇ’ ಡಿಸ್ಕ್‌ಗಳಿಗೆ ಹಂಚಿ. ಕೊನೆಗೆ 8 ಖಾಲಿ, ಅದು ಪ್ಯಾರಿಟಿಗೆ. 2 ಮತ್ತು 1 ಟಿಬಿಯವು ನಿವೃತ್ತಿ. ಉಳಿಯುವುದು 12 ಟಿಬಿಯ ಒಂದು ಫೋಲ್ಡರ್.

ಹೊತ್ತು ಹಿಡಿಯುತ್ತದೆ. ಸರ್ವರಿನ ಒಳಗೇ ಸಾಟಾ ಕೇಬಲ್‌ನಲ್ಲಿ ಜೋಡಿಸಿದರೆ 4 ಟಿಬಿಗೆ ಏಳೆಂಟು ಗಂಟೆ. ಹಳೆಯ ಯುಎಸ್‌ಬಿ 2 ಪೆಟ್ಟಿಗೆಯಲ್ಲಿಟ್ಟು ಮಾಡಿದರೆ ಮೂವತ್ತು ದಾಟುತ್ತದೆ. ಪ್ರತಿ ಸಲವೂ ಸಾಗಿಸಿದ ಮೇಲೆ ಚೆಕ್‌ಸಮ್ ಹೋಲಿಸಿ, ಆಮೇಲೆ ಮಾತ್ರ ಫಾರ್ಮ್ಯಾಟ್.

ಆದರೆ ಈ ಒಗಟಿನಲ್ಲಿ ಒಂದು ಗಳಿಗೆ ಬರುತ್ತದೆ. ‘ಅ’ ಫಾರ್ಮ್ಯಾಟ್ ಆದ ಕ್ಷಣದಿಂದ ಅದರಲ್ಲಿದ್ದ ಮದುವೆಗಳೆಲ್ಲ 8ರ ಮೇಲೆ ಮಾತ್ರ ಇರುತ್ತವೆ. ಇನ್ನೊಂದು ಪ್ರತಿ ಎಲ್ಲೂ ಇಲ್ಲ. ಆ 8 ಒಂದು ತಿಂಗಳ ಕೂಸು. ಹರಿಗೋಲು ನಡುನೀರಿನಲ್ಲಿ ಮಗುಚಿದರೆ? ಅದಕ್ಕೆ ಮೊದಲು ಒಂದು 12 ಟಿಬಿ ಬಾಹ್ಯ ಡಿಸ್ಕ್ ಕೊಂಡು ಎಲ್ಲವನ್ನೂ ಅದಕ್ಕೊಮ್ಮೆ ಇಳಿಸಿ ಪಕ್ಕಕ್ಕಿಡಿ.

ಗಂಗಾವತಿ ಸ್ಟುಡಿಯೋ · ಗುರುವಾರ, ಬೆಳಿಗ್ಗೆ 7:30

ಇದ್ದದ್ದನ್ನು ಸೇರಿಸಲು ಬಂದವನಿಗೆ ಹೊಸದು ಕೊಳ್ಳಿ ಎಂದರೆ ಹೇಗೆ ಮೇಡಂ? ಪ್ಯಾರಿಟಿ ಇದ್ದ ಮೇಲೆ ಇನ್ನೊಂದು ಪ್ರತಿ ಯಾಕೆ? ಇನ್ನು ಯಾರೋ ನನಗೆ ಖಾಸಗಿಯಾಗಿ ಕ್ಲೌಡ್‌ಗೆ ಹಾಕಿ ಎಂದು ಬರೆದಿದ್ದಾರೆ. ಲೆಕ್ಕ ಹಾಕಿದೆ: ನಮ್ಮ ಸಂಪರ್ಕದಲ್ಲಿ ಮೇಲಕ್ಕೆ ಹೋಗುವ ವೇಗ 40 ಎಂಬಿಪಿಎಸ್. ಹಗಲೂ ರಾತ್ರಿ ಬಿಡದೆ ಏರಿಸಿದರೂ ಇಪ್ಪತ್ತು ದಿನ ದಾಟುತ್ತದೆ.

ಮಸ್ಕಿ ಮೇಷ್ಟ್ರು · ಗುರುವಾರ, ಬೆಳಿಗ್ಗೆ 8:20

ತಮ್ಮಾ, ಇದಕ್ಕೆ ನಾನು ಉತ್ತರ ಕೊಡಬಲ್ಲೆ.

ನಮ್ಮೂರ ಬಂಡೆಯ ಮೇಲೆ ಅಶೋಕನ ಶಾಸನವಿದೆ. 1915ರಲ್ಲಿ ಬೆಳಕಿಗೆ ಬಂದದ್ದು, ಅಶೋಕ ಎಂಬ ಹೆಸರು ನೇರವಾಗಿ ಸಿಕ್ಕ ಮೊದಲ ಶಾಸನ ಎಂದು ನಾವು ಹೆಮ್ಮೆಪಡುತ್ತೇವೆ. ಆದರೆ ಅದರ ಅಕ್ಷರಗಳು ಕೆಲವೆಡೆ ಸವೆದುಹೋಗಿವೆ. ಓದಲಾಗದ ಜಾಗ ತುಂಬಿಕೊಳ್ಳುವುದು ಹೇಗೆ? ಅದೇ ಶಾಸನ ನಿಮ್ಮ ಕೊಪ್ಪಳದ ಗವಿಮಠದ ಬಂಡೆಯ ಮೇಲಿದೆ. ಪಾಲ್ಕಿಗುಂಡಿನಲ್ಲಿದೆ, ಅಲ್ಲಿ ಬಹಳ ಹಾಳಾಗಿದೆ. ಬಳ್ಳಾರಿ ಕಡೆ ನಿಟ್ಟೂರು, ಉದೆಗೊಳದಲ್ಲೂ ಇದೆ. ಒಂದೇ ಬಂಡೆಯ ಮೇಲೆ ಐದು ಸಲ ಕೆತ್ತಿಸಿದ್ದರೆ ಬಂಡೆ ಸಿಡಿದ ದಿನ ಐದೂ ಹೋಗುತ್ತಿದ್ದವು. ಊರೂರಿಗೆ ಬೇರೆ ಬೇರೆ ಕೆತ್ತಿಸಿದ.

ನಿನ್ನ ಪ್ಯಾರಿಟಿ ಇರುವುದು ಅದೇ ಪೆಟ್ಟಿಗೆಯಲ್ಲಿ. ಕಳ್ಳ ಪೆಟ್ಟಿಗೆಯನ್ನೇ ಹೊತ್ತೊಯ್ದರೆ, ಸಿಡಿಲು ಬಡಿದರೆ, ಹುಡುಗನೊಬ್ಬ ತಪ್ಪಿ ಇಡೀ ‘2016’ ಅಳಿಸಿ ನೀನು ಸಿಂಕ್ ಕೊಟ್ಟರೆ, ಮೊತ್ತವೂ ಅದಕ್ಕೆ ತಕ್ಕಂತೆ ತಿದ್ದಿಕೊಳ್ಳುತ್ತದೆ. ಅಕ್ಕ ಹೇಳಿದ ಡಿಸ್ಕ್ ಕೊಳ್ಳು. ಬೇರೆ ಊರಿನಲ್ಲಿ ನಂಟರು ಯಾರಿದ್ದಾರೆ?

ಗಂಗಾವತಿ ಸ್ಟುಡಿಯೋ · ಗುರುವಾರ, ಬೆಳಿಗ್ಗೆ 8:45

ಸಿಂಧನೂರಿನಲ್ಲಿ ಅಕ್ಕನ ಮನೆ ಇದೆ ಮೇಷ್ಟ್ರೇ. ಆಯಿತು, ಕೊಳ್ಳುತ್ತೇನೆ.

ಕೌಲ್‌ಬಜಾರ್ ರಿಪೇರಿಯವ · ಗುರುವಾರ, ಬೆಳಿಗ್ಗೆ 11:00

ಕೊಳ್ಳುವುದಾದರೆ ಒಂದು ಕಿವಿಮಾತು. ಎಸ್‌ಎಂಆರ್, ಸಿಎಂಆರ್ ಎಂದು ಎರಡು ಜಾತಿ. ಎಸ್‌ಎಂಆರ್‌ನಲ್ಲಿ ಬರೆಯುವ ಪಟ್ಟಿಗಳು ಹೆಂಚು ಹೊದೆಸಿದಂತೆ ಒಂದರ ಮೇಲೊಂದು ಸ್ವಲ್ಪ ಏರಿರುತ್ತವೆ. ನಡುವಿನದನ್ನು ಬದಲಿಸಲು ಪಕ್ಕದವನ್ನೂ ಮತ್ತೆ ಬರೆಯಬೇಕು, ಹಾಗಾಗಿ ಒಂದೇ ಸಮನೆ ಬರೆಯುವಾಗ ಎತ್ತಿನ ಗಾಡಿಯಾಗುತ್ತದೆ. ಸಿಂಧನೂರಿಗೆ ಹೋಗುವ ಪ್ರತಿಗೆ ಅದು ಸಾಕು. ಪ್ಯಾರಿಟಿಗೆ, ರೇಡ್‌ಗೆ ಸಿಎಂಆರ್ ಕೇಳಿ.

ಇನ್ನು ಕರೆಂಟು. ದೊಡ್ಡ ಡಿಸ್ಕ್ ತಿರುಗಲು ಶುರುವಾಗುವ ಗಳಿಗೆಯಲ್ಲಿ 12 ವೋಲ್ಟ್ ತಂತಿಯಿಂದ ಹತ್ತಿರ ಹತ್ತಿರ 2 ಆಂಪಿಯರ್ ಎಳೆಯುತ್ತದೆ. ಆರು ಒಟ್ಟಿಗೆ ಎದ್ದರೆ 12 ಆಂಪಿಯರ್. ಹಳೆಯ ಪವರ್ ಸಪ್ಲೈ ಆಗ ತೊದಲುತ್ತದೆ, ಡಿಸ್ಕ್ ಕೆಟ್ಟಿದೆ ಎಂದು ನಾವು ಡಿಸ್ಕನ್ನು ಬೈಯುತ್ತೇವೆ. ಒಂದು ಸಾಟಾ ಪವರ್ ತಂತಿಯನ್ನು ಮೂರಾಗಿ ಮಾಡುವ, ಪ್ಲಾಸ್ಟಿಕ್ ಎರಕ ಹೊಯ್ದ ಅಗ್ಗದ ಕನೆಕ್ಟರುಗಳು ಬರುತ್ತವೆ. ಒಳಗೆ ತಂತಿಗಳು ತಾಗಿ ಕರಗಿ ಹೊಗೆಯಾಡಿದ್ದನ್ನು ಕಣ್ಣಾರೆ ನೋಡಿದ್ದೇನೆ. ತಂತಿಯನ್ನು ಮೇಲಿನಿಂದ ಒತ್ತಿ ಕೂರಿಸಿದ ಜಾತಿಯನ್ನೇ ತನ್ನಿ.

ಯುಪಿಎಸ್ ಇಲ್ಲದೆ ಮುಟ್ಟಲೇಬೇಡಿ. ಪಂಪ್‌ಸೆಟ್‌ಗಳು ಒಟ್ಟಿಗೆ ಎದ್ದಾಗ ನಿಮ್ಮ ಕಡೆ ವೋಲ್ಟೇಜ್ ಹೇಗೆ ಕುಣಿಯುತ್ತದೆಂದು ನಿಮಗೇ ಗೊತ್ತು. ಪೆಟ್ಟಿಗೆಯನ್ನು ಬೀರುವಿನೊಳಗೆ ಬಚ್ಚಿಡಬೇಡಿ, ಅಕ್ಕಿ ಗಿರಣಿಯ ತೌಡಿನ ಧೂಳು ಬೀಳುವ ಕಿಟಕಿಯ ಹತ್ತಿರವೂ ಬೇಡ.

ಶಕ್ತಿನಗರ ರಾತ್ರಿಪಾಳಿ · ಗುರುವಾರ, ಮಧ್ಯಾಹ್ನ 3:00

ವಿದ್ಯುತ್ ತಯಾರಿಸುವ ಊರಿನವನು ನಾನು, ನಮ್ಮ ಮನೆಯಲ್ಲೂ ಯುಪಿಎಸ್ ಇದೆ. ಇಷ್ಟೇ ಹೇಳುತ್ತೇನೆ.

ಗಂಗಾವತಿ ಸ್ಟುಡಿಯೋ · ಹನ್ನೆರಡು ದಿನಗಳ ನಂತರ

ಒಗಟು ಬಿಡಿಸಿದೆ. ಹುಲಿ, ಆಡು, ಹುಲ್ಲು ಎಲ್ಲ ದಡ ಸೇರಿವೆ. 2 ಟಿಬಿಯದರಲ್ಲಿ ಒಂಬತ್ತು ಫೈಲು ಬಿಟ್ಟು ಎಲ್ಲ ಬಂತು. ಹೋದ ಒಂಬತ್ತೂ 2013ರ ಒಂದು ನಾಮಕರಣದವು. ಆ ಮನೆಯವರಿಗೆ ಆಗಲೇ ಸಿಡಿ ಕೊಟ್ಟಿದ್ದೆ, ಕೇಳಿ ನೋಡುತ್ತೇನೆ.

ಎರಡು ತೊಂದರೆ. ಮೂರು ಡಿಸ್ಕ್‌ನಿಂದ 12 ಟಿಬಿ ಬರಬೇಕಿತ್ತು, 10.9 ಎಂದು ತೋರಿಸುತ್ತಿದೆ. ಅದರಲ್ಲೂ ಬಳಸಲು ಸಿಗುವುದು ಇನ್ನೂ ಕಡಿಮೆ. ಎರಡನೆಯದು, ಹೊಸ ಫೈಲುಗಳೆಲ್ಲ ‘ಅ’ ಡಿಸ್ಕಿಗೇ ಹೋಗಿ ಬೀಳುತ್ತಿವೆ. ಅದು ತುಂಬುತ್ತ ಬಂದಿದೆ, ‘ಇ’ ಸುಮ್ಮನೆ ಕೂತಿದೆ.

ಯಲಬುರ್ಗಾ ಮೂಲ, ಈಗ ಬೆಂಗಳೂರು · ಅದೇ ರಾತ್ರಿ

ಮೊದಲನೆಯದು ಕಳವಲ್ಲ. ಕಾರ್ಖಾನೆಯವರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ಕಂಪ್ಯೂಟರ್ 1024ರ ಲೆಕ್ಕದಲ್ಲಿ. ಇನ್ನೂ ಕಡಿಮೆಯಾದದ್ದು ಇಎಕ್ಸ್‌ಟಿ4 ನೂರಕ್ಕೆ 5ನ್ನು ವ್ಯವಸ್ಥೆಗೆಂದು ಮೀಸಲಿಡುವುದರಿಂದ. 12 ಟಿಬಿಯಲ್ಲಿ ಅದು 600 ಜಿಬಿ. ಬರೀ ವಿಡಿಯೋ ಇಡುವ ಡಿಸ್ಕಿಗೆ ಅಷ್ಟು ಬೇಡ, ‘ಟ್ಯೂನ್2ಎಫ್‌ಎಸ್’ ಆಜ್ಞೆಯಿಂದ ಮೀಸಲನ್ನು ಸೊನ್ನೆ ಮಾಡಿ.

ಎರಡನೆಯದು ಹೊಸ ಫೈಲು ಎಲ್ಲಿಗೆ ಹೋಗಬೇಕೆಂಬ ಮರ್ಜರ್‌ಎಫ್‌ಎಸ್ ನಿಯಮದ ಆಯ್ಕೆ. ನೀವು ‘ಇಪಿಎಂಎಫ್‌ಎಸ್’ ಹಾಕಿದ್ದೀರಿ ಅನಿಸುತ್ತದೆ. ಆ ಫೋಲ್ಡರ್ ಈಗಾಗಲೇ ಎಲ್ಲಿದೆಯೋ ಅಲ್ಲಿಗೇ ಬರೆ ಎಂದು ಅದರರ್ಥ. ‘ಎಂಎಫ್‌ಎಸ್’ ಮಾಡಿ, ಹೆಚ್ಚು ಖಾಲಿ ಇರುವ ಡಿಸ್ಕಿಗೆ ಹೋಗುತ್ತದೆ. ಕನಿಷ್ಠ ಖಾಲಿ ಜಾಗವನ್ನು 100 ಜಿಬಿ ಎಂದು ನಿಗದಿ ಮಾಡಿ. 20 ಜಿಬಿ ಉಳಿದ ಡಿಸ್ಕಿನಲ್ಲಿ 60 ಜಿಬಿಯ ಮುಹೂರ್ತದ ವಿಡಿಯೋ ಶುರುವಾದರೆ ನಡುವೆ ನಿಲ್ಲುತ್ತದೆ.

ಕೇಳದೆ ಇನ್ನೊಂದು ಹೇಳುತ್ತೇನೆ, ಇದು ನನ್ನದೇ ಹಳೆಯ ಗಾಯ. ಆನ್ ಆದಾಗ ಯಾವ ಡಿಸ್ಕ್ ಎಲ್ಲಿ ಜೋಡಿಸಬೇಕೆಂದು ಹೇಳುವ ಎಫ್‌ಎಸ್‌ಟ್ಯಾಬ್ ಫೈಲಿನಲ್ಲಿ ಡಿಸ್ಕ್‌ಗಳನ್ನು ಯುಯುಐಡಿಯಿಂದಲೇ, ಅಂದರೆ ಪ್ರತಿಯೊಂದಕ್ಕೂ ಇರುವ ಬದಲಾಗದ ಗುರುತಿನ ಸಂಖ್ಯೆಯಿಂದಲೇ, ಗುರುತಿಸಿ. ‘ಎಸ್‌ಡಿಬಿ’, ‘ಎಸ್‌ಡಿಸಿ’ ಎಂಬ ಹೆಸರುಗಳು ಮುಂದಿನ ಬಾರಿ ಆನ್ ಮಾಡಿದಾಗ ಅದಲುಬದಲಾಗಬಹುದು. ‘ನೋಫೇಲ್’ ಎಂದೂ ಸೇರಿಸಿ, ಇಲ್ಲದಿದ್ದರೆ ಒಂದು ಡಿಸ್ಕ್ ಕಾಣದಿದ್ದಾಗ ಇಡೀ ಸರ್ವರ್ ಏಳದೆ ಕೂರುತ್ತದೆ. ಆದರೆ ನೋಫೇಲ್ ಹಾಕಿದಾಗ ಇನ್ನೊಂದು ಮೋಸವಿದೆ: ಡಿಸ್ಕ್ ಬಂದಿರುವುದಿಲ್ಲ, ಅದರ ಖಾಲಿ ಫೋಲ್ಡರ್ ಇರುತ್ತದೆ, ಫೈಲುಗಳೆಲ್ಲ ಸಿಸ್ಟಂ ಡಿಸ್ಕಿನ ಆ ಫೋಲ್ಡರಿಗೆ ಸುರಿಯುತ್ತವೆ. ಡಿಸ್ಕ್ ಜೋಡಿಸುವ ಮೊದಲೇ ಆ ಖಾಲಿ ಫೋಲ್ಡರಿಗೆ ‘ಚಾಟ್ರ್ ಪ್ಲಸ್ ಐ’ ಕೊಟ್ಟು ಬೀಗ ಹಾಕಿ.

ಗಂಗಾವತಿ ಸ್ಟುಡಿಯೋ · ಮರುದಿನ

ಎಲ್ಲ ಮಾಡಿದೆ. ಸಿಂಧನೂರಿನ ಡಿಸ್ಕ್ ಅಕ್ಕನ ಮನೆಯ ದೇವರ ಕೋಣೆಯಲ್ಲಿದೆ. ದಿನಾ ರಾತ್ರಿ 2ಕ್ಕೆ ಸಿಂಕ್. ಎಲ್ಲರಿಗೂ ಶರಣು.

ಗಂಗಾವತಿ ಸ್ಟುಡಿಯೋ · ಮೇ ತಿಂಗಳು, ಮಧ್ಯಾಹ್ನ

ಹಳೆಯ ಚರ್ಚೆಯನ್ನೇ ಮೇಲೆತ್ತುತ್ತಿದ್ದೇನೆ. ಹೊರಗೆ 41 ಡಿಗ್ರಿ. 4 ಟಿಬಿಯ ಮೂರರಲ್ಲಿ ‘ಆ’ ಎಂದು ಕರೆದ ಡಿಸ್ಕ್ ನಿನ್ನೆ ಸಂಜೆ ಕಟಕಟ ಎಂದು ನಿಂತಿತು. ಸ್ಮಾರ್ಟ್ ವರದಿಯಲ್ಲಿ ಅಲ್ಲಿಯವರೆಗೂ ಸೊನ್ನೆಯೇ ಇತ್ತು.

ಫೋಲ್ಡರ್ ತೆರೆದರೆ ‘ಅ’ ಮತ್ತು ‘ಇ’ ಡಿಸ್ಕ್‌ಗಳಲ್ಲಿರುವ ಮದುವೆಗಳೆಲ್ಲ ಎಂದಿನಂತೆ ಇವೆ. ಈಗ ಏನು ಮಾಡಲಿ? ಏನನ್ನೂ ಮುಟ್ಟಿಲ್ಲ.

ಯಲಬುರ್ಗಾ ಮೂಲ, ಈಗ ಬೆಂಗಳೂರು · ಹತ್ತು ನಿಮಿಷದ ನಂತರ

ಮುಟ್ಟದೆ ಇದ್ದದ್ದೇ ದೊಡ್ಡದು. ಮೊದಲು ರಾತ್ರಿ 2ರ ಸಿಂಕ್ ನಿಲ್ಲಿಸಿ. ಯಾವ ಫೈಲನ್ನೂ ಅಳಿಸಬೇಡಿ, ಹೊಸದು ಹಾಕಬೇಡಿ. ಹೊಸ ಡಿಸ್ಕ್ ತಂದು, ಇಎಕ್ಸ್‌ಟಿ4 ಮಾಡಿ, ಸ್ನ್ಯಾಪ್‌ರೇಡ್ ಸಂರಚನೆಯಲ್ಲಿ ‘ಆ’ ಡಿಸ್ಕ್ ಇದ್ದ ಜಾಗದಲ್ಲಿ ತೋರಿಸಿ ‘ಫಿಕ್ಸ್’ ಕೊಡಿ. ಪ್ಯಾರಿಟಿ 8 ಇರುವುದರಿಂದ ಹೊಸದು 8 ಟಿಬಿಯವರೆಗೂ ಆಗಬಹುದು.

ಗಂಗಾವತಿ ಸ್ಟುಡಿಯೋ · ಮೂರು ದಿನಗಳ ನಂತರ

ಸುಮಾರು ಹನ್ನೊಂದು ಗಂಟೆ ಓಡಿತು. ನಾಲ್ಕು ಫೈಲು ಬಿಟ್ಟು ‘ಆ’ ಡಿಸ್ಕಿನಲ್ಲಿದ್ದದ್ದೆಲ್ಲ ಮರಳಿ ಬಂತು. ಆ ನಾಲ್ಕು ಯಾಕೆ ಬರಲಿಲ್ಲ? ಅವು ಹಳೆಯವು, ಎಷ್ಟೋ ಸಲ ಸಿಂಕ್ ಆಗಿದ್ದವು.

ಯಲಬುರ್ಗಾ ಮೂಲ, ಈಗ ಬೆಂಗಳೂರು · ಅದೇ ದಿನ

ಡಿಸ್ಕ್ ಸಾಯುವ ದಿನ ಬೇರೆ ಡಿಸ್ಕಿನಿಂದ ಏನಾದರೂ ಅಳಿಸಿದ್ದಿರಾ?

ಗಂಗಾವತಿ ಸ್ಟುಡಿಯೋ · ಅದೇ ದಿನ

ಹೌದು. ‘ಇ’ ಡಿಸ್ಕಿನಿಂದ ಡ್ರೋನ್ ಪರೀಕ್ಷೆಯ ಬೇಡದ ತುಣುಕುಗಳನ್ನು ಬೆಳಿಗ್ಗೆ ತೆಗೆದಿದ್ದೆ.

ಯಲಬುರ್ಗಾ ಮೂಲ, ಈಗ ಬೆಂಗಳೂರು · ಅದೇ ದಿನ

ಅಲ್ಲಿದೆ ನೋಡಿ. 7, 4, 9ರಲ್ಲಿ 9ನ್ನು ನೀವೇ ಅಳಿಸಿದಿರಿ. ಸಂಜೆ 4 ಸತ್ತಿತು. ಕೈಯಲ್ಲಿ ಉಳಿದದ್ದು 20 ಮತ್ತು 7. ಕಳೆಯುವುದು ಹೇಗೆ? ಬೇಡದ್ದು ಎಂದುಕೊಂಡ ತುಣುಕುಗಳೂ ಲೆಕ್ಕದಲ್ಲಿ ಪಾಲುದಾರರು. ಅಳಿಸಿದ ದಿನ ರಾತ್ರಿಯವರೆಗೆ ಕಾಯದೆ ಆಗಲೇ ಸಿಂಕ್ ಕೊಡಿ. ಆ ನಾಲ್ಕು ಸಿಂಧನೂರಿನಲ್ಲಿರುತ್ತವೆ, ತನ್ನಿ.

ಮಸ್ಕಿ ಮೇಷ್ಟ್ರು · ಅದೇ ರಾತ್ರಿ

ಓದಿ ಸಂತೋಷವಾಯಿತು ತಮ್ಮಾ. ಒಂದು ಕೇಳಬೇಕಿತ್ತು. ಸಿಂಧನೂರಿನ ಡಿಸ್ಕಿಗೆ ಹೊಸ ಕೆಲಸಗಳನ್ನು ಕೊನೆಯ ಬಾರಿ ಸೇರಿಸಿದ್ದು ಯಾವಾಗ?

ಗಂಗಾವತಿ ಸ್ಟುಡಿಯೋ · ಅದೇ ರಾತ್ರಿ

ಮೇಷ್ಟ್ರೇ, ಇಟ್ಟು ಬಂದ ಮೇಲೆ ಸೇರಿಸಿಲ್ಲ. ನಾಳೆ ಬೆಳಿಗ್ಗೆ ಮೊದಲ ಬಸ್ಸಿಗೆ ಹೋಗುತ್ತಿದ್ದೇನೆ.